ಹದಿನಾಲ್ಕನೆಯ ಪುಟದ ಮರುಭೂಮಿ

ಪ್ರವಾಸ ಕೈಪಿಡಿ ಹೊರತರುವ ಕಚೇರಿಯ ಮಾನ್ಯ ಅಧಿಕಾರಿಗಳೇ,

ತಮ್ಮ ಕೈಪಿಡಿಯ ಹದಿನಾಲ್ಕನೆಯ ಪುಟದಲ್ಲಿ ಒಂದು ಮರುಭೂಮಿ ಇದೆ. ಅದು ಆ ಪುಟದಲ್ಲಿ ಮಾತ್ರ ಇದೆ ಎಂಬುದು ನನ್ನ ದೂರು. ‘ಮರುಭೂಮಿಯಲ್ಲಿ ಒಂದು ದಿನ’ ಎಂಬ ತಲೆಬರಹದಡಿ, ವಿಜಯಪುರದಲ್ಲಿ ಬೈಕ್ ಬಾಡಿಗೆಗೆ ಹಿಡಿದು ತಿಕೋಟಾ, ಬಬಲೇಶ್ವರ ಸುತ್ತಿ ಸಂಜೆಯೊಳಗೆ ಮರಳಿರೆಂದು ತಾವು ಜನರನ್ನು ಹುರಿದುಂಬಿಸಿದ್ದೀರಿ. ಕೊನೆಯಲ್ಲಿ ದಪ್ಪಕ್ಷರದ ಸೂಚನೆ: ‘ಕುಡಿಯುವ ನೀರನ್ನು ಜೊತೆಗೇ ಒಯ್ಯಿರಿ. ಸ್ಥಳೀಯರನ್ನು ನೀರು ಕೇಳಬೇಡಿ, ಅವರಿಗೇ ಇಲ್ಲ.’ ಈ ಸೂಚನೆಯನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಪಾಲಿಸಿ ಒಬ್ಬ ಹಿರಿಯ ಹೆಣ್ಣುಮಗಳ ಮನಸ್ಸು ನೋಯಿಸಿ ಬಂದಿದ್ದೇನೆ.

ಈ ಪತ್ರದ ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ; ಇಂಥದ್ದನ್ನು ಬರೆದ ಮಹಾನುಭಾವ ಯಾರು ಎಂದು ಅದರ ಓದುಗರು ಕೇಳಬಹುದು. ತಮಗೆ ಗೊತ್ತಿದೆ, ಸೌಜನ್ಯದಿಂದ ಹೆಸರು ಹಾಕಿಲ್ಲ. ನಾನೇ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿದವನು; ಜಿಲ್ಲೆಯ ಸರಾಸರಿ ಮಳೆ, ಮಣ್ಣಿನ ಬಣ್ಣ ಎಲ್ಲ ಬಾಯಿಪಾಠ. ತಿಕೋಟಾ ನಾನಿರುವ ವಿಜಯಪುರದಿಂದ ಬಸ್ಸಿಗೆ ಹೆಚ್ಚೆಂದರೆ ಮುಕ್ಕಾಲು ತಾಸಿನ ದಾರಿ. ಆದರೂ ನಾನು ಮನೆಯ ಫ್ಯಾನಿನ ಕೆಳಗೆ ಕುಳಿತು, ಇಪ್ಪತ್ತೈದು ವರ್ಷ ಹಿಂದಿನ ಪಾಠದ ಟಿಪ್ಪಣಿ ನೋಡಿ ಬರೆದೆ. ತಾವು ಎಸಿ ಕೆಳಗೆ ಕುಳಿತು ಮಂಜೂರು ಮಾಡಿದಿರಿ. ಇಬ್ಬರಲ್ಲಿ ಒಬ್ಬರಾದರೂ ಬೆವರಿದ್ದರೆ ಈ ಪತ್ರದ ಅಗತ್ಯ ಬೀಳುತ್ತಿತ್ತೇ?

ಪುಸ್ತಕ ಕೈಗೆ ಬಂದದ್ದೇ, ನನ್ನ ಮರುಭೂಮಿಯನ್ನು ಹೆಂಡತಿ ಸುರೈಯಾಗೆ ತೋರಿಸುವ ಹುರುಪು ಹತ್ತಿತು. ಸೊಲ್ಲಾಪುರ ರಸ್ತೆಯ ಗ್ಯಾರೇಜಿನ ಜಾಹೀದ ಬೈಕ್ ಕೊಡುತ್ತ, “ಸರ್, ಈ ಕೆಂಪು ಗುಂಡಿ ಐತೆಲ್ಲ...” ಎಂದು ಶುರು ಮಾಡಿದ. “ಗೊತ್ತೈತಿ ಬಿಡು” ಎಂದೆ. ಗೊತ್ತಿಲ್ಲ ಎನ್ನುವ ಅಭ್ಯಾಸ ಮಾಸ್ತರನಾದವನಿಗೆ ಎಲ್ಲಿಂದ ಬರಬೇಕು? ನನ್ನ ಹಳೆಯ ಸ್ಕೂಟರಿಗೆ ಕೆಂಪು ಗುಂಡಿಯೇ ಇರಲಿಲ್ಲ. ಹತ್ತು ಬಾಟಲಿ ನೀರು, ಎರಡು ಒದ್ದೆ ಟವೆಲ್, ಒಂದು ಪೊಟ್ಟಣ ಖರ್ಜೂರ, ಕಪ್ಪು ಕನ್ನಡಕ ಎಲ್ಲ ಹೇರಿಕೊಂಡೆ. ಹಿಂದೆ ಕುಳಿತ ಸುರೈಯಾ, “ನಾವು ಹೊಂಟಿದ್ದು ತಿಕೋಟಾಕ್ಕೋ ಹಜ್‌ಗೋ?” ಎಂದು ಕೇಳಿದಳು.

ತಿಕೋಟಾ ಬಂತು, ಹೋಯಿತು, ಮರುಭೂಮಿ ಬರಲಿಲ್ಲ. ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡು, ಕಾಲುವೆ, ಮತ್ತೆ ದ್ರಾಕ್ಷಿ. “ಎಲ್ಲೈತ್ರಿ ನಿಮ್ಮ ಮರುಭೂಮಿ?” ಎಂದು ಸುರೈಯಾ ಕೇಳಿದಾಗಲೆಲ್ಲ “ಮುಂದೈತಿ” ಎನ್ನುತ್ತ ಬಬಲೇಶ್ವರದ ದಾರಿ ಹಿಡಿದೆ. ಕೊನೆಗೆ ಒಂದೆಡೆ ನಾಲ್ಕು ಜಾಲಿ ಗಿಡ, ಒಂದಿಷ್ಟು ಗರಸು ನೆಲ ಕಂಡಿತು. “ಅಲ್ನೋಡು” ಎಂದು ಬಲಗೈ ಎತ್ತಿದೆ. ಬೈಕ್ ನಿಂತುಬಿಟ್ಟಿತು. ಮರುಭೂಮಿಯ ಬಿಸಿಲಿಗೆ ಯಂತ್ರಗಳು ಬಳಲುತ್ತವೆ ಎಂದು ನಡುರಸ್ತೆಯಲ್ಲಿ ಪಾಠ ಮಾಡಿದೆ. ಎಂಜಿನ್ನಿಗೆ ಎರಡು ಬಾಟಲಿ ನೀರು ಸುರಿದೆ, ಒದ್ದೆ ಟವೆಲ್ ಹೊದಿಸಿದೆ. ಅರ್ಧ ತಾಸು ಕಳೆದರೂ ರೋಗಿ ಕಣ್ಣು ತೆರೆಯಲಿಲ್ಲ.

ಪಕ್ಕದ ತೋಟದ ಮನೆಯಿಂದ ಎಪ್ಪತ್ತು ದಾಟಿದ ಬೋರವ್ವ ಎಂಬಾಕೆ ಇದನ್ನೆಲ್ಲ ನೋಡಿ ನಮ್ಮನ್ನು ಕರೆದಳು. ಬೇವಿನ ನೆರಳಿಗೆ ಕೂರಿಸಿ ಒಂದು ತಂಬಿಗೆ ನೀರು, ತಾಟಿನಲ್ಲಿ ಬೆಲ್ಲ ತಂದಿಟ್ಟಳು. ನಮ್ಮ ಕಡೆ ಬಂದವರ ಹೆಸರು ಕೇಳುವ ಮೊದಲೇ ಇಡುವುದು ಇದನ್ನು. ನಾನು ಬಾಟಲಿ ಎತ್ತಿ ತೋರಿಸಿದೆ. “ಬ್ಯಾಡ್ರಿ ಯವ್ವಾ, ನಮ್ಮ ನೀರು ನಾವ ತಂದೇವಿ.” ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂಬ ಭಾವನೆ ನನ್ನದು.

ಬೋರವ್ವನ ಮುಖ ಸಣ್ಣದಾಯಿತು. “ಯಾಕ್ರಿ, ನಮ್ಮ ಮನಿ ನೀರು ನಿಮಗ ನಡಿಯಂಗಿಲ್ಲೇನು?”

ಮಾನ್ಯರೇ, ಇದೇ ಪ್ರಶ್ನೆಯನ್ನು ನನ್ನ ತಾಯಿ ಮಾಶಾಬಿ ಒಂದು ಕಾಲಕ್ಕೆ ಜೋರಾಪುರ ಪೇಟೆಯ ನಮ್ಮ ಮನೆಗೆ ಬಂದು ನೀರು ಮುಟ್ಟದೆ ಎದ್ದವರಿಗೆ ಕೇಳಿದ್ದಳು. ಆಗ ಆಕೆಯ ಕೈಯಲ್ಲಿದ್ದ ಲೋಟ ನನಗೆ ಇನ್ನೂ ನೆನಪಿದೆ. ನೆನಪಿದ್ದವನು ತಕ್ಷಣ ತಂಬಿಗೆ ಎತ್ತಬೇಕಿತ್ತು. ನಾನು ಎತ್ತಿದ್ದು ಕೈಪಿಡಿಯನ್ನು. ಹದಿನಾಲ್ಕನೆಯ ಪುಟ ತೆರೆದು ಆ ಸೂಚನೆಯನ್ನು, ಸಾಕ್ಷಿ ಎಂಬಂತೆ, ಗಟ್ಟಿಯಾಗಿ ಓದಿ ಹೇಳಿದೆ.

“ಇದನ್ನ ಯಾರು ಬರದಾರ್ರಿ?”

“ಆಫೀಸಿನವರು” ಎಂದೆ. ಹೌದು, ತಮ್ಮ ತಲೆಗೆ ಕಟ್ಟಿದೆ. ಸುರೈಯಾ ನನ್ನನ್ನೊಮ್ಮೆ ನೋಡಿ ನೆಲ ನೋಡಿದಳು.

“ಎರಡು ಹರದಾರಿ ನಡದು ಒಂದು ಕೊಡ ತರ್ತಿದ್ವಿ,” ಎಂದಳು ಬೋರವ್ವ. “ಆವಾಗೂ ಬಾಗಲಿಗೆ ಬಂದವರಿಗೆ ನೀರಿಲ್ಲ ಅಂದಿಲ್ಲ. ಈಗ ಮನಿ ಮುಂದ ಕಾಲುವಿ ಹರೀತೈತಿ. ಈಗ ನೀವ ಒಲ್ಲೆ ಅಂತೀರಿ.”

ಸುರೈಯಾ ತಂಬಿಗೆ ಎತ್ತಿ ಪೂರ್ತಿ ಕುಡಿದಳು. “ನಮ್ಮವರಿಗೂ ಒಂದು ಕೊಡ್ರಿ ಯವ್ವಾ.”

“ಅವರ ಬಾಟ್ಲಿ ಐತೆಲ್ಲ. ಬೇಕಂದ್ರ ಅವರ ಕೇಳಲಿ.”

ಕೇಳಬೇಡಿ ಎಂದು ದಪ್ಪಕ್ಷರದಲ್ಲಿ ಬರೆದವನು ಕೇಳಿದೆ. ಕೊಟ್ಟಳು. ನೀರು ತಣ್ಣಗಿತ್ತು, ನನಗೆ ವಿಪರೀತ ನಾಚಿಕೆಯಾಯಿತು. ಉಳಿದ ಬಾಟಲಿಗಳನ್ನು ಬೇವಿನ ಬುಡಕ್ಕೆ ಸುರಿಯಲು ಹೋದರೆ, “ಅದಕ್ಕ ಮುಂಜಾನೆನ ಹಾಕೇನಿ” ಎಂದಳು. ಆಮೇಲೆ ಬೈಕಿನ ಹತ್ತಿರ ಬಂದು ಟವೆಲ್ ಸರಿಸಿ, ಹ್ಯಾಂಡಲಿನ ಕೆಂಪು ಗುಂಡಿಯನ್ನು ಈಚೆಗೆ ಒತ್ತಿದಳು; ಕೈ ಎತ್ತುವಾಗ ನನ್ನ ಹೆಬ್ಬೆರಳೇ ಅದನ್ನು ಆಚೆ ತಳ್ಳಿ ಎಂಜಿನ್ ಬಂದ್ ಮಾಡಿತ್ತು. “ಈಗ ಚಾಲೂ ಮಾಡ್ರಿ. ನಮ್ಮ ಮೊಮ್ಮಗಳೂ ಕಲಿಯುವಾಗ ಹಿಂಗ ಮಾಡ್ತಿದ್ಲು.” ಚಾಲೂ ಆಯಿತು. ಹೊರಡುವಾಗ ಒಂದೇ ಮಾತು ಹೇಳಿದಳು: “ಆ ಬರದವರನ್ನ ಒಮ್ಮಿ ಕರಕೊಂಡು ಬರ್ರಿ. ನೀರು ಕುಡಿಸಿ ಕಳಸ್ತೀನಿ.”

ಆದ್ದರಿಂದ ನನ್ನ ಒತ್ತಾಯ ಇಷ್ಟು. ಆ ಸೂಚನೆಯನ್ನು ತೆಗೆಯಿರಿ. ‘ಬಾಯಾರಿದರೆ ಯಾವ ಬಾಗಿಲಿಗಾದರೂ ಹೋಗಿ ಕೇಳಿ’ ಎಂದು ಹಾಕಿರಿ. ಮರುಮುದ್ರಣಕ್ಕೆ ಅನುದಾನವಿಲ್ಲ ಎಂಬ ಉತ್ತರ ತಮ್ಮ ಮೇಜಿನ ಮೇಲೆ ಸಿದ್ಧವಿದ್ದೀತು. ಚಿಂತೆ ಬೇಡ, ಒಂದೊಂದು ಪ್ರತಿಯಲ್ಲೂ ಹೊಡೆದುಹಾಕಲು ನಾನೇ ಬರುತ್ತೇನೆ. ಮಕ್ಕಳ ಉತ್ತರಗಳನ್ನು ಹೊಡೆದುಹಾಕಿದ ಕೆಂಪು ಪೆನ್ನು ಇನ್ನೂ ನನ್ನಲ್ಲಿದೆ. ಆ ಕೆಲಸ ಮುಗಿದ ಮೇಲೆ ಒಂದು ರವಿವಾರ ತಾವು ನನ್ನ ಜೊತೆ ಬರಬೇಕು. ಬೋರವ್ವನಿಗೆ ಓದಲು ಬರುವುದಿಲ್ಲ, ಈ ಪತ್ರ ಅಚ್ಚಾದರೂ ಆಕೆಯನ್ನು ತಲುಪುವುದಿಲ್ಲ. ಬರೆದವನು ನಾನೇ ಎಂದು ಎದುರಿಗೆ ನಿಂತು ಬಾಯಿಂದಲೇ ಹೇಳಬೇಕು. ಒಬ್ಬನೇ ಹೋಗಿ ಹೇಳುವ ಧೈರ್ಯ ನನಗಿಲ್ಲ. ತಾವು ಏನೂ ಮಾತಾಡಬೇಕಿಲ್ಲ. ಆಕೆ ತಂಬಿಗೆ ತಂದಾಗ ಇಸಿದುಕೊಂಡು ಕುಡಿಯಿರಿ, ಸಾಕು.

ಇಂತಿ,
ತಮ್ಮ ಹೆಸರು ಹೇಳಿ ತಪ್ಪಿಸಿಕೊಂಡು ಬಂದ,
ಅಬ್ದುಲಗನಿ
ನಿವೃತ್ತ ಭೂಗೋಳ ಮಾಸ್ತರ, ಜಲನಗರ, ವಿಜಯಪುರ