ಸ್ವಿಚ್ ಹಾಕಬಹುದಾ ಅಂತ ಕೇಳಿದರೆ

ಕ್ಯಾಸಂಬಳ್ಳಿ
೧೨–೨–೨೦೨೫

ಪ್ರೀತಿಯ ಸರಸ್ವತಮ್ಮ ದೊಡ್ಡಮ್ಮನಿಗೆ ನಿಮ್ಮ ನವ್ಯಳ ನಮಸ್ಕಾರ.

ಬಂಗಾರಪೇಟೆಗೆ ಫೋನ್ ಮಾಡದೆ ಪತ್ರ ಬರೆದಳಲ್ಲ, ಇವಳಿಗೇನು ಬಂತು ಅಂದುಕೊಳ್ಳಬೇಡಿ. ನಿಮ್ಮ ಮನೆಯ ಫೋನ್ ಯಾವಾಗ ನೋಡಿದರೂ ಬ್ಯುಸಿ. ದೊಡ್ಡಪ್ಪ ಲೈನ್‌ಮ್ಯಾನ್ ಕೆಲಸದಿಂದ ರಿಟೈರ್ ಆದರೂ, ಕರೆಂಟ್ ಹೋದರೆ ನಮ್ಮ ಕಡೆಯವರು ಅವರನ್ನೇ ಕೇಳುತ್ತಾರೆ. ಅವರ ಜಾಗಕ್ಕೆ ಬಂದ ನನ್ನ ಗಂಡ ನಾಗರಾಜ್ ಎದುರಿಗೇ ನಿಂತಿದ್ದರೂ, ನೀನಿರಪ್ಪಾ, ಮುನಿಶಾಮಪ್ಪನ್ನ ಒಂದ್ಮಾತು ಕೇಳ್ತೀನಿ ಅಂತಾರಂತೆ. ಮೊದಮೊದಲು ನಾನೂ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ.

ಸೋಮವಾರ ಇವರು ಟ್ರಾನ್ಸ್‌ಫಾರ್ಮರ್ ಸ್ವಿಚ್ ಇಳಿಸಿ, ನೀಲಗಿರಿ ತೋಪಿನಾಚೆ ಕಂಬ ಹತ್ತಿದ್ದರು. ಬೀಗ ಹಾಕೋಣವೆಂದರೆ ಆ ಸ್ವಿಚ್ ಪೆಟ್ಟಿಗೆಗೆ ಬಾಗಿಲೇ ಇಲ್ಲ. ಕರೆಂಟ್ ಯಾಕೆ ಹೋಯಿತೆಂದು ತಿಳಿಯದೆ ಟ್ರಾನ್ಸ್‌ಫಾರ್ಮರ್ ಪಕ್ಕದ ಮನೆಯ ವೆಂಕಟರತ್ನಮ್ಮ ನಿಮ್ಮ ಮನೆಗೆ ಫೋನ್ ಮಾಡಿದರು. ಸ್ವಿಚ್ ಬಿದ್ದಿರ್ತದೆ, ಎತ್ತಿ ಹಾಕ್ಕೊಳ್ಳಮ್ಮಾ ಅಂತ ಆ ಕಡೆಯಿಂದ ಉತ್ತರ ಬಂತು. ಆಕೆ ಹೋಗಿ ಹಾಕಿಯೇ ಬಿಟ್ಟರು. ಇವರು ತಂತಿಗೆ ಕೈ ಚಾಚುವ ಹೊತ್ತಿಗೆ, ಕೆಳಗಿನ ಟೊಮೆಟೊ ತೋಟದ ಮೋಟಾರು ತಾನಾಗೇ ಶುರುವಾಯಿತಂತೆ. ಆ ಸದ್ದಿಗೆ ಕೈ ಎಳೆದುಕೊಂಡರು. ಮನೆಗೆ ಬಂದು ಊಟದ ತಟ್ಟೆ ಮುಂದೆ ಕೂತು ಇದನ್ನೆಲ್ಲ ಹೇಳಿದರು.

ಆಫೀಸಿಗೆ ತಿಳಿಸಿ ಅಂದೆ. ಕೆಲಸ ಕಲಿಸಿದೋರ ಎಸರು ಎತ್ತಬ್ಯಾಡ ಕಣೇ ಅಂತ ನನ್ನ ಮೇಲೇ ರೇಗಿದರು. ಯಾವ ತಂತಿ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೆಲ್ಲ ದೊಡ್ಡಪ್ಪ ಕಲಿಸಿದರು, ಸುಳ್ಳಲ್ಲ. ಆದರೆ ಊರಿನ ಜನರನ್ನು ಇವರ ಕೈಗೆ ಒಪ್ಪಿಸಿ ಹೋಗಲಿಲ್ಲ. ನನಗೆ ಸಿಟ್ಟು ಅದಕ್ಕೇ.

ನಾಳೆ ಇವರು ಕಾಮಸಮುದ್ರದ ಕಡೆ ಮತ್ತೆ ಕಂಬ ಹತ್ತಬೇಕು. ಅಷ್ಟರೊಳಗೆ ನಿಮಗೆ ಸೇರಲಿ ಅಂತ, ಬಸ್ಸಿಗೆ ಹೊರಟಿರುವ ಪಕ್ಕದ ಮನೆಯ ರಾಧಳ ಕೈಲಿ ಈ ಪತ್ರ ಕೊಡುತ್ತಿದ್ದೇನೆ. ಯಾರೇ ಕೇಳಲಿ, ನಾಗರಾಜನ್ನ ಕೇಳ್ರಪ್ಪಾ ಅನ್ನುವುದೊಂದೇ ಮಾತು ನಿಮ್ಮ ಮನೆಯಿಂದ ಬರಲಿ. ದೊಡ್ಡಪ್ಪ ಒಂದು ದಿನ ಇವರ ಗಾಡಿ ಹಿಂದೆ ಕೂತು ಊರೂರಿಗೂ ಬಂದು, ಇನ್ಮೇಲೆ ಎಲ್ಲಾ ಇವನೇ ಅಂತ ಹೇಳಿದರಂತೂ ನಾನು ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ. ಕೈ ಮುಗಿದು ಕೇಳುತ್ತಿದ್ದೇನೆ, ದೊಡ್ಡಮ್ಮ.

ನಿಮ್ಮ ಮಗಳಂಥವಳು,
ನವ್ಯ

ಇನ್ನೊಂದು ಮಾತು: ಸೋಮವಾರ ದೊಡ್ಡಪ್ಪ ಫೋನ್ ಮನೆಯಲ್ಲೇ ಬಿಟ್ಟು ಮಾರಿಕುಪ್ಪಂಗೆ ಮದುವೆಗೆ ಹೋಗಿದ್ದರು. ಇದು ಇವರಿಗೆ ಗೊತ್ತಿಲ್ಲ. ಉತ್ತರ ಕೊಟ್ಟಿದ್ದು ಹೆಂಗಸಿನ ದನಿ, ಮುನಿಶಾಮಪ್ಪನಷ್ಟೇ ಧೈರ್ಯವಾಗಿ ಹೇಳಿದರು ಅಂತ ವೆಂಕಟರತ್ನಮ್ಮ ನನ್ನೊಬ್ಬಳ ಹತ್ತಿರ ಹೇಳಿದ್ದಾರೆ. ಇಷ್ಟು ವರ್ಷ ದೊಡ್ಡಪ್ಪನ ಮಾತು ಕೇಳಿ ಕೇಳಿ ನಿಮಗೂ ಬಾಯಿಪಾಠವಾಗಿದೆ. ನಾನು ಯಾರಿಗೂ ಹೇಳುವುದಿಲ್ಲ. ಓದಿ ಒಲೆಗೆ ಹಾಕಿ. ನಾಳೆ ಫೋನ್ ಮಾತ್ರ ಎತ್ತಬೇಡಿ.