ಸ್ವಲ್ಪ ಹೇಳ್ತೀರಾ

ಮನೆಯಿಂದ,
ಹದಿನಾಲ್ಕನೇ ತಾರೀಕು, ಸಂಜೆ

ಪ್ರೀತಿಯ ತಮ್ಮನಿಗೆ,

ಹುಷಾರಾಗಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಅಪ್ಪನ ಜೊತೆ ಜಗಳವಾಡಿ ನೀನು ಹೋಗಿ ಎರಡು ವರ್ಷವಾಯಿತು. ವಿಳಾಸವಿಲ್ಲದ ಈ ಪತ್ರವೂ ಹಳೆಯವುಗಳ ಜೊತೆ ಡ್ರಾಯರಿಗೇ ಹೋಗುತ್ತದೆ. ಅಪ್ಪನಿಗೆ ಮೊನ್ನೆ ಬೈಂಡಿಂಗ್ ಅಂಗಡಿಯಲ್ಲಿ ಕಣ್ಣಿಗೆ ಅಂಟು ಸಿಡಿಯಿತು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಆಸ್ಪತ್ರೆಯಲ್ಲಿ ಮಲಗಿಸಿದ್ದಾರೆ, ಅಮ್ಮ ಜೊತೆಗಿದ್ದಾಳೆ. ಅಪಾಯವಿಲ್ಲವಂತೆ.

ನೀನು ಮಾಡಿಕೊಟ್ಟ ಸರ್ಚ್ ಖಾತೆ ಮನೆಯ ಕಂಪ್ಯೂಟರಿನಲ್ಲಿ ಹಾಗೇ ಇದೆ. ಮನೆಯವರು ಎಲ್ಲೇ ಕೂತು ಹುಡುಕಿದರೂ ಎಲ್ಲ ಅದರಲ್ಲಿ ಸಾಲಾಗಿ ಉಳಿಯುತ್ತದೆ. ನಾವೆಲ್ಲ ಎರಡು ಪದ ಎಸೆದು ಕಾಯುವವರು. ನೀನೊಬ್ಬ ಮಾತ್ರ ಎದುರಿಗೆ ಹಿರಿಯರು ಕೂತಿದ್ದಾರೇನೋ ಎಂಬಂತೆ, ಕೊನೆಗೆ ‘ಸ್ವಲ್ಪ ಹೇಳ್ತೀರಾ’ ಎಂದು ಸೇರಿಸುತ್ತಿದ್ದೆ. ಕುರ್ಚಿ ಹಾಕಿ ಕಾಫಿಯನ್ನೂ ಕೊಡು ಎಂದು ನಾನು ರೇಗಿಸುತ್ತಿದ್ದೆ, ನೆನಪಿದೆಯಾ? ಆರು ತಿಂಗಳ ಹಿಂದೆ ಆ ಸಾಲಿನಲ್ಲಿ ‘ಒದ್ದೆ ಶೂ ಬೇಗ ಒಣಗಿಸೋದು ಹೇಗೆ, ಸ್ವಲ್ಪ ಹೇಳ್ತೀರಾ’ ಎಂದು ಬಂದಿತ್ತು. ಅಮ್ಮ ಹತ್ತು ಸಲ ಓದಿಸಿಕೊಂಡಳು, ಅತ್ತಳು, ಆಮೇಲೆ ಹೊಟ್ಟೆ ತುಂಬ ಊಟ ಮಾಡಿದಳು. ಅಲ್ಲಿಂದ ವಾರಕ್ಕೊಂದು ಪ್ರಶ್ನೆ. ನನಗೆ ಮಾತ್ರ ಕಂಪ್ಯೂಟರ್ ಇರುವ ಕೋಣೆಗೆ ಒಬ್ಬಳೇ ಹೋಗಲು ಭಯ. ನೀನು ಗೋಡೆಯಾಚೆ ಕೂತು ಟೈಪ್ ಮಾಡುತ್ತಿದ್ದೀಯ ಅನಿಸುತ್ತಿತ್ತು.

ಹೋದ ತಿಂಗಳು ಬುತ್ತಿ ಕೊಡಲು ಅಂಗಡಿಗೆ ಹೋದೆ. ನೀನು ಹೋದ ದಿನ ‘ನನ್ನ ಪಾಲಿಗೆ ಅವನು ಸತ್ತ’ ಎಂದಿದ್ದ ಅಪ್ಪ, ಅಂಗಡಿಯ ಕಂಪ್ಯೂಟರಿನಲ್ಲಿ ಅದೇ ಖಾತೆ ತೆರೆದು, ಅಂಟು ಮೆತ್ತಿದ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಾ ‘ಗುಂಡಿ ಹೊಲಿಯೋದು ಹೇಗೆ, ಸ್ವಲ್ಪ’ ಎಂಬಲ್ಲಿಗೆ ಬಂದಿದ್ದರು. ನನ್ನನ್ನು ಕಂಡು ಕೈ ತೆಗೆದರು. “ನಿಮ್ಮಮ್ಮ ಊಟ ಬಿಟ್ಟಿದ್ಲಲ್ಲ, ಇನ್ನೇನ್ ಮಾಡ್ಲಿ,” ಎಂದರು. ಪಕ್ಕದಲ್ಲಿ ಇನ್ನೊಂದು ಸರ್ಚ್ ಎಂಜಿನ್ ತೆರೆದಿತ್ತು, ಏನನ್ನೂ ನೆನಪಿಟ್ಟುಕೊಳ್ಳದಂಥದ್ದು. ಅದರಲ್ಲಿ ಹುಡುಕಿದ್ದು ‘ಗುರುತು ಸಿಗದ ಶವಗಳು’. ಅಮ್ಮ ಓದಬೇಕಾದದ್ದು ಒಂದರಲ್ಲಿ, ಓದಬಾರದ್ದು ಇನ್ನೊಂದರಲ್ಲಿ. ನಾನು ಅಮ್ಮನಿಗೆ ಹೇಳಿಲ್ಲ.

ಅಮ್ಮನ ಆಶೀರ್ವಾದ. ಅಪ್ಪ ಏನೂ ಹೇಳಿಲ್ಲ, ಅವರದ್ದನ್ನು ನಾನೇ ಸೇರಿಸಿದ್ದೇನೆ.

ನಿನ್ನ ಅಕ್ಕ

ತಾ.ಕ.: ಪತ್ರ ಮಡಚಿಟ್ಟು ಕಂಪ್ಯೂಟರ್ ಆರಿಸಲು ಹೋದೆ. ನಿನ್ನೆ ನಾನು ಹುಡುಕಿದ ‘ಕಣ್ಣಿಗೆ ಅಂಟು’ ಎಂಬುದರ ಮೇಲೆ ಹೊಸದೊಂದು ಸಾಲಿದೆ: ‘ಅಂಟು ಬಿದ್ದ ಕಣ್ಣು ಮತ್ತೆ ಪೂರ್ತಿ ಕಾಣುತ್ತಾ, ಸ್ವಲ್ಪ ಹೇಳ್ತೀರಾ’. ಅರ್ಧ ಗಂಟೆಯ ಹಿಂದಿನದು. ಅಪ್ಪನ ಕಣ್ಣಿಗೆ ಪಟ್ಟಿಯಿದೆ. ಅಮ್ಮನಿಗೆ ಟೈಪ್ ಮಾಡಲು ಬರುವುದಿಲ್ಲ. ನಾನು ಈ ಪತ್ರ ಬರೆಯುತ್ತಿದ್ದೆ. ನಮ್ಮನ್ನು ನೀನು ಓದುತ್ತಿದ್ದೀಯ. ಅದರ ಮೇಲೆ ನಾನೂ ಒಂದು ಸಾಲು ಹಾಕಿದ್ದೇನೆ, ನೋಡು: ‘ಶನಿವಾರ ಪಟ್ಟಿ ಬಿಚ್ಚಿದಾಗ ಅಪ್ಪ ಮೊದಲು ಯಾರ ಮುಖ ನೋಡಬೇಕು, ಸ್ವಲ್ಪ ಹೇಳ್ತೀಯಾ’.