ಬಿಳಿ ದಾರ, ಕೆಂಪು ಶಾಯಿ

ಮಾರ್ಚ್ 3, ಮಂಗಳವಾರ

ಊಟದ ಮೇಜಿಗೆ ಮ್ಯಾಟ್ ಹೆಣೆಯುವ ಮನೆಯವರಿಗೆ ಊಟಕ್ಕೆ ಮೇಜಿಲ್ಲ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

ಮೇಜು ಇದೆ. ಅದರ ತುಂಬ ದಾರದ ಉಂಡೆ, ಅರ್ಧ ಹೆಣೆದ ಮ್ಯಾಟು, ಗಂಜಿಯ ಬೋಗುಣಿ. ಬಿಳಿ ದಾರ, ಎಣ್ಣೆಕೈ ತಾಗಬಾರದು. ಆದ್ದರಿಂದ ನಾವು ಮೂವರೂ ಹೊರಗಿನ ಮೆಟ್ಟಿಲ ಮೇಲೆ ಕೂತು, ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇವೆ. ಅಪ್ಪ ಮೊದಲು ಬಸ್ ಕಂಡಕ್ಟರ್. “ಸೀಟು ಸಿಕ್ತಲ್ಲ, ಸುಮ್ನೆ ಕೂತ್ಕೊಳ್ಳಿ. ಟಿಕೆಟ್, ಟಿಕೆಟ್” ಎನ್ನುತ್ತಾನೆ. ಅಕ್ಕ ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ಬೆಳಿಗ್ಗೆ ಅಕ್ಕನ ಬಲಗೈ ಹೆಬ್ಬೆರಳು ಮತ್ತೆ ಮಡಚಿಕೊಂಡೇ ನಿಂತಿತು. ಎಡಗೈಯಿಂದ ಹಿಡಿದು ನೆಟ್ಟಗೆ ಮಾಡಿದಳು. ಟಕ್ ಎಂದಿತು. ಡಾಕ್ಟರಮ್ಮ ನನ್ನೆದುರಿಗೇ ಹೇಳಿದ್ದರು — “ಕ್ರೋಶಾ ಕಡ್ಡಿ ನೀನು ಬಿಡು. ಇಲ್ದಿದ್ರೆ ಬೆರಳು ನಿನ್ನ ಬಿಡುತ್ತೆ.” ಮನೆಗೆ ಬಂದವಳೇ ಕಡ್ಡಿ ಹಿಡಿದಳು.

ನೂಲು ಮೇಡಂ ವ್ಯಾನಿನಲ್ಲಿ ಬರುತ್ತಾಳೆ. ಬೀದಿಯ ಮನೆಮನೆಗೂ ದಾರ ಇಳಿಸುತ್ತಾಳೆ, ಹೆಣೆದ ಮ್ಯಾಟ್ ಏರಿಸುತ್ತಾಳೆ. ಅವಳ ಪ್ರಕಾರ ಇದು ಕೆಲಸವೇ ಅಲ್ಲ. “ಟಿವಿ ನೋಡ್ತಾ ಮಾಡೋದು ತಾನೆ?” ನಮ್ಮ ಮನೆಯಲ್ಲಿ ಟಿವಿ ಕೆಟ್ಟು ಎಷ್ಟೋ ಕಾಲವಾಯಿತು.

ಈ ಸಲ ಇನ್ನೊಂದು ಹೊಸ ಕಟ್ಟಳೆ. ಗಂಜಿ ಹಾಕಿದ ಮ್ಯಾಟುಗಳ ನಡುವೆ ಇಡುವ ಬಿಳಿ ಹಾಳೆ ಇನ್ನು ಕೊಡುವುದಿಲ್ಲವಂತೆ. “ಅದನ್ನ ನೀವೇ ನೋಡ್ಕೊಳ್ಳಿ.” ಬೀದಿಯಲ್ಲಿ ಒಬ್ಬರೂ ಕಮಕ್ ಕಿಮಕ್ ಅನ್ನಲಿಲ್ಲ.

ಮಾರ್ಚ್ 5, ಗುರುವಾರ

ಬರೆದೆ! ನಾನು ಕೆಲಸ ಮಾಡುವ ಝೆರಾಕ್ಸ್ ಅಂಗಡಿಯಲ್ಲಿ ಗಿರಾಕಿಗಳು ಬಿಟ್ಟುಹೋದ ಕರಪತ್ರಗಳನ್ನು ಇಷ್ಟು ದಿನ ಓದಿದ್ದು ದಂಡವಾಗಲಿಲ್ಲ. ಆರು ಸಾಲು. ಮೊದಲ ಸಾಲು: “ಈ ಹೂವು ಅರಳಿದ್ದು ಯಾರ ಕೈಯಲ್ಲಿ? ಆ ಕೈ ಬಾಡಿದರೆ ಕೇಳುವವರು ಯಾರು?” ನಡುವೆ ಅಕ್ಕನ ಹೆಬ್ಬೆರಳಿನ ಕಥೆ. ಕೊನೆಯ ಸಾಲು: “ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ನೀರಿನ ಟ್ಯಾಂಕ್ ಹತ್ತಿರ ಸೇರೋಣ.”

ಕೆಂಪಕ್ಷರವೇ ಬೇಕೆಂದೆ. ಅಂಗಡಿಯಣ್ಣ ಬೇಡ ಬೇಡವೆಂದ. “ಕಪ್ಪಾದ್ರೆ ದೊಡ್ಡ ಮಿಷಿನ್ನಲ್ಲಿ ತೆಗೀಬಹುದು, ಅಳಿಯಲ್ಲ. ಕೆಂಪು ಬೇಕಂದ್ರೆ ಶಾಯಿ ಪ್ರಿಂಟರ್ರೇ ಗತಿ. ನೀರು ಬಿದ್ರೆ ಹರಡುತ್ತಮ್ಮ.” ಹೋರಾಟದ ಮಾತನ್ನು ಕಪ್ಪಿನಲ್ಲಿ ಹಾಕಲು ಇದೇನು ತಿಥಿ ಕಾರ್ಡೇ ಎಂದೆ. ಹಾಳೆಯೂ ದಪ್ಪನೆಯದು, ಒಳ್ಳೆಯದು. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗಬೇಕು.

ಮಾರ್ಚ್ 8, ಭಾನುವಾರ

ಹನ್ನೊಂದು. ಹನ್ನೊಂದೂವರೆ. ಹನ್ನೆರಡು. ಎರಡು ದಿನ ಮನೆಮನೆಗೂ ಹೋಗಿ ಕರೆದಿದ್ದೆ. ಟ್ಯಾಂಕ್ ಹತ್ತಿರ ನಾನು, ಒಂದು ನಾಯಿ.

ನಾಯಿಯೂ ಎದ್ದು ಹೋಯಿತು.

ಬರುವಾಗ ಎದುರುಮನೆ ಗುಂಡಜ್ಜಿ ಬಾಗಿಲಲ್ಲೇ ಹೆಣೆಯುತ್ತ ಕೂತಿದ್ದಳು. “ಏನೇ ಭಾಷಣ, ಮುಗೀತಾ? ಚಪ್ಪಾಳೆ ಕೇಳಿಸ್ಲೇ ಇಲ್ಲ?” ಬೀದಿಯಲ್ಲಿ ನನಗೆ ಈಗ ಅದೇ ಹೆಸರು, ಭಾಷಣ. ಕರಪತ್ರ ಕೊಟ್ಟೆ. ಕನ್ನಡಕ ಇಲ್ಲವೆಂದಳು. ಮೂಗಿನ ಮೇಲೆಯೇ ಇತ್ತು.

ಉಳಿದ ಕಟ್ಟನ್ನು ಮೇಜಿನ ಕೆಳಗೆ ಎಸೆದು ಮಲಗಿದೆ. ಇವರಿಗಾಗಿ ಯಾಕೆ…

ಮಾರ್ಚ್ 10, ಮಂಗಳವಾರ, ಸಂಜೆ

ಕಟ್ಟು ಖಾಲಿ!! ಅಂಗಡಿಯಿಂದ ಬಂದು ನೋಡಿದರೆ ಒಂದೂ ಇಲ್ಲ. “ಎಲ್ಲಾರೂ ಕೇಳಿ ಕೇಳಿ ಇಸ್ಕೊಂಡು ಹೋದ್ರು ಕಣೆ. ಗುಂಡಜ್ಜಿ ಅಂತೂ ಎರಡು ಸಲ ಬಂದ್ಲು” ಎಂದಳು ಅಕ್ಕ. ಎರಡು ಸಲ! ಕನ್ನಡಕ ಸಿಕ್ಕಿರಬೇಕು.

ಜನ ನಿಧಾನ, ಅಷ್ಟೇ. ನಾನೇ ಅವಸರ ಮಾಡಿದೆ. ಅಕ್ಕನ ಕೆನ್ನೆ ಹಿಂಡಿದೆ. ಅವಳು ಏನೋ ಹೇಳಲು ಬಂದಳು, ಕೇಳಿಸಿಕೊಳ್ಳಲಿಲ್ಲ. ಹಾಡಿಕೊಂಡು ಪಾತ್ರೆ ತೊಳೆದೆ.

ಮಾರ್ಚ್ 11, ಬುಧವಾರ

ಎಲ್ಲ ಮುಗಿಯಿತು.

ನಾಳೆ ವ್ಯಾನು ಬರುತ್ತದೆಂದು ನಿನ್ನೆ ಇಡೀ ಬೀದಿ ಗಂಜಿ ಹಾಕಿತ್ತು. ಒದ್ದೆ ಮ್ಯಾಟು, ಮೇಲೊಂದು ಹಾಳೆ, ಮತ್ತೆ ಮ್ಯಾಟು, ಮತ್ತೆ ಹಾಳೆ — ಮೇಲೆ ಭಾರ. ಬೆಳಿಗ್ಗೆ ತೆಗೆದರೆ ಚಪ್ಪಟೆಯಾಗಿ, ಗರಿಗರಿಯಾಗಿ ಬರುತ್ತವೆ. ಮೇಡಂ ಹಾಳೆ ಕೊಡುವುದನ್ನು ನಿಲ್ಲಿಸಿದ್ದಳಲ್ಲ. ನನ್ನ ಹಾಳೆ ದಪ್ಪಗಿತ್ತು. “ಹಾಳಾಗೋ ಬದ್ಲು ಉಪಯೋಗಕ್ಕೆ ಬರ್ಲಿ ಅಂತ ಕೊಟ್ಟೆ” ಎಂದಳು ಅಕ್ಕ. ಹೇಳುತ್ತಲೇ ಅತ್ತಳು.

ಒಬ್ಬರೂ ಓದಿರಲಿಲ್ಲ. ಒಬ್ಬರೂ.

ಬೆಳಿಗ್ಗೆ ಮೊದಲು ಕೇಳಿದ್ದು ಗುಂಡಜ್ಜಿಯ ಕೂಗು. ಆಮೇಲೆ ಪಕ್ಕದ ಮನೆ. ಆಮೇಲೆ ಅಕ್ಕ. ಪ್ರತಿ ಮ್ಯಾಟಿನ ನಡುವಿನ ಒತ್ತು ಹೆಣಿಗೆಯ ಮೇಲೂ ನನ್ನ ಆರು ಸಾಲು. ತಿರುವುಮುರುವಾಗಿ. ಕೆಂಪಗೆ. ಬೆಳ್ಳನೆ ಹೂವಿನ ಎದೆಗೆ ಯಾರೋ ಗೀರಿದ ಹಾಗೆ.

ನಾನೇ ಗೀರಿದ್ದು.

ಮಾರ್ಚ್ 12, ಗುರುವಾರ

ವ್ಯಾನು ಬಂತು. ನಾನೇ ಮುಂದೆ ಹೋದೆ. ಬರೆದದ್ದು ನಾನು, ಶಾಯಿ ನನ್ನದು, ಇವರಿಗೆ ಏನೂ ಗೊತ್ತಿಲ್ಲ ಎಂದೆ.

ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಒಂದು ಹಾಳೆ ಕೇಳಿ ತೆಗೆದುಕೊಂಡು ನೆಟ್ಟಗೆ ಓದಿದಳು. “ಚೆನ್ನಾಗಿ ಬರ್ದಿದ್ದೀಯ. ನೋಡಮ್ಮ, ಇನ್ನೊಂದು ಸೋಮವಾರ, ಇಪ್ಪತ್ಮೂರಕ್ಕೆ, ಬೆಳಿಗ್ಗೆ ಹತ್ತಕ್ಕೆ ಬರ್ತೀನಿ. ಎಲ್ಲಾ ಮ್ಯಾಟೂ ಬೆಳ್ಳಗಿರ್ಬೇಕು. ಒಂದು ಕಡಿಮೆಯಾದ್ರೂ ಈ ಬೀದಿಗೆ ಮತ್ತೆ ದಾರ ಇಳಿಸಲ್ಲ.”

ವ್ಯಾನಿನ ಬಾಗಿಲು ಎಳೆಯುವ ಮುಂಚೆ ನನ್ನನ್ನು ಹತ್ತಿರ ಕರೆದಳು. “ಇಲ್ಲ ಅಂದ್ರೆ ಇನ್ನೊಂದು ದಾರಿ ಇದೆ. ಬರೆಯೋಕೆ ಚೆನ್ನಾಗಿ ಬರುತ್ತಲ್ಲ ನಿನಗೆ. ಅಕ್ಕನ ಬೆರಳು ಹುಟ್ಟಿದಾಗಿಂದ ಹಾಗೇ ಇತ್ತು, ನಮ್ಮ ಕೆಲಸದಿಂದ ಆಗಿದ್ದಲ್ಲ ಅಂತ ಬರ್ಕೊಂಡು ಬಾ. ಎಲ್ಲರ ಮುಂದೆ ಓದು. ಈ ಮ್ಯಾಟನ್ನೆಲ್ಲ ಮರೆತುಬಿಡ್ತೀನಿ.”

ಗುಂಡಜ್ಜಿಯ ಒಲೆ ಉರಿಯುವುದು ಈ ದಾರದಿಂದ. ಪಕ್ಕದ ಮನೆಯದೂ. ನಮ್ಮದೂ.

ಮಾರ್ಚ್ 17, ಮಂಗಳವಾರ

ಬೀದಿಯೆಲ್ಲ ಸೋಪಿನ ನೀರು. ಬಾಗಿಲು ಬಾಗಿಲಲ್ಲೂ ಬಕೆಟ್ಟು. ಉಜ್ಜುತ್ತಾರೆ, ಹಿಂಡುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಮತ್ತೆ ಉಜ್ಜುತ್ತಾರೆ. ಕೆಂಪು ಗುಲಾಬಿಯಾಯಿತು. ಅಲ್ಲಿಗೆ ನಿಂತಿತು.

ನನ್ನೊಂದಿಗೆ ಯಾರೂ ಮಾತಾಡುವುದಿಲ್ಲ. ನಲ್ಲಿಯ ಹತ್ತಿರ ನಾನು ಹೋದರೆ ಜಾಗ ಬಿಡುತ್ತಾರೆ, ಕಾಯಿಲೆಯವಳಿಗೆ ಬಿಟ್ಟ ಹಾಗೆ.

ಅಕ್ಕನ ಪಾಲಿನದನ್ನು ನಾನೇ ಹೊಸದಾಗಿ ಹೆಣೆದುಕೊಡುತ್ತೇನೆಂದು ಕೂತೆ. ಕ್ರೋಶಾ ಕಡ್ಡಿ ಮುಟ್ಟುವುದಿಲ್ಲವೆಂದು ಆಣೆ ಹಾಕಿದ್ದವಳು ನಾನು. ನಾಲ್ಕು ದಿನ ಹೆಣೆದೆ. ಒಂದು ಮ್ಯಾಟಾಯಿತು. ಮೇಜಿನ ಮೇಲಿಟ್ಟರೆ ಅಂಚು ಮೇಲಕ್ಕೆದ್ದು ಬಟ್ಟಲಿನಂತೆ ಕೂತಿತು.

ಅಕ್ಕ ಬಹಳ ಹೊತ್ತು ತಡೆದುಕೊಂಡಳು. ಆಮೇಲೆ ಆಗಲಿಲ್ಲ. “ಇದ್ರಲ್ಲಿ ನೀರು ನಿಲ್ಲುತ್ತಲ್ಲೇ ಪುಟ್ಟಿ!” ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ಅಷ್ಟು ಸಿಟ್ಟಲ್ಲಿ ಎಳೆದ್ರೆ ದಾರ ಹೆದರಿಕೊಳ್ಳುತ್ತೆ. ಸಡಿಲ ಬಿಡು.”

ಸಡಿಲ ಬಿಡಲು ಬರುತ್ತಿಲ್ಲ ಅಕ್ಕ. ನನಗೆ ಯಾವುದನ್ನೂ ಸಡಿಲ ಬಿಡಲು ಬರುತ್ತಿಲ್ಲ.

ಮಾರ್ಚ್ 19, ಗುರುವಾರ

ಮಧ್ಯಾಹ್ನ ಊಟಕ್ಕೆ ಬಂದಾಗ ಅಕ್ಕ ಬೆನ್ನು ತಿರುಗಿಸಿ ಕೂತು ಹೆಣೆಯುತ್ತಿದ್ದಳು. ನನ್ನ ಬಟ್ಟಲನ್ನು ಬಿಚ್ಚಿ ಅದೇ ದಾರದಲ್ಲಿ. ಹೆಬ್ಬೆರಳಿಗೆ ಬಟ್ಟೆ ಬಿಗಿದು ಕಡ್ಡಿಗೆ ಕಟ್ಟಿಕೊಂಡಿದ್ದಳು. ಬೆರಳು ಹಿಡಿಯದಿದ್ದರೆ ಕಟ್ಟಿದರಾಯಿತು…

ಕಡ್ಡಿ ಕಿತ್ತುಕೊಂಡೆ. ಮೊದಲ ಬಾರಿ ಅಕ್ಕ ನನ್ನ ಮೇಲೆ ಕೂಗಿದಳು.

“ಕೊಡೇ ಇಲ್ಲಿ! ನಿನ್ನ ನ್ಯಾಯ ಹೆಣೆಯುತ್ತಾ? ಹೆಣೆಯಲ್ಲ ಅಂದ್ರೆ ಅವಳು ಕೇಳಿದ್ದನ್ನ ಬರ್ದುಕೊಡು. ಹುಟ್ಟಿದಾಗಿಂದ ಹಿಂಗೇ ಅಂತ ಬರಿ. ನನ್ನ ಬೆರಳು, ನಾನು ಹೇಳ್ತಿದ್ದೀನಿ. ಬೀದಿ ಬದುಕ್ಲಿ.”

ಅಪ್ಪ ಮೆಟ್ಟಿಲ ಮೇಲೆ ತಟ್ಟೆ ಹಿಡಿದು ಕೂತಿದ್ದ. ಟಿಕೆಟ್ ಎನ್ನಲಿಲ್ಲ.

ಮಾರ್ಚ್ 20, ಶುಕ್ರವಾರ

ಬರೆದೆ.

“ನನ್ನ ಅಕ್ಕನ ಹೆಬ್ಬೆರಳು ಹುಟ್ಟಿನಿಂದಲೇ” — ಇಲ್ಲಿಗೆ ನಿಂತೆ. ಚಿಕ್ಕವಳಿದ್ದಾಗ ಸ್ಲೇಟಿನ ಮೇಲೆ ನನ್ನ ಕೈ ಹಿಡಿದು ಅ ಬರೆಸಿದ್ದು ಅದೇ ಹೆಬ್ಬೆರಳು. ಆಗ ಮಡಚಿಕೊಂಡು ನಿಲ್ಲುತ್ತಿರಲಿಲ್ಲ. ಇದನ್ನು ನನಗಿಂತ ಚೆನ್ನಾಗಿ ಯಾರು ಬಲ್ಲರು?

ಆದರೂ ಬರೆದು ಮುಗಿಸಿದೆ. ಕಪ್ಪು ಶಾಯಿ, ಅದೇ ದಪ್ಪ ಹಾಳೆ. ಮೇಜಿನ ಮೇಲೆ ಅಕ್ಕನ ದಾರದ ಉಂಡೆಯ ಕೆಳಗೆ ಇಟ್ಟೆ. ಓದಿದ ಕರಪತ್ರಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ಅವುಗಳ ಮುಖ ನೋಡಲಾರೆ.

ಮಾರ್ಚ್ 21, ಶನಿವಾರ, ಸಂಜೆ

ಸರಿಯಾಗಿ ಬರೆಯಬೇಕು.

ಗುಂಡಜ್ಜಿ ಬಂದಳು, ಹಿಂದೆ ಪಕ್ಕದ ಮನೆಯಾಕೆ. ಅಜ್ಜಿಯ ಕೈಯಲ್ಲಿ ಗುಲಾಬಿ ಕಲೆಯ ಮ್ಯಾಟು. ಬೈಯಲು ಬಂದರೆಂದು ಎದ್ದು ನಿಂತೆ.

“ಏನೇ ಭಾಷಣ, ಯಾವ ಕಂಪನಿ ಶಾಯಿ ಇದು? ಅವತ್ತಿಂದ ಉಜ್ಜಿದ್ದೇ ಉಜ್ಜಿದ್ದು. ಏನು ಹಾಳು ಅಂಟ್ಕೊಂಡಿದೆ ನೋಡೋಣ ಅಂತ ಕನ್ನಡಿಗೆ ಹಿಡಿದೆ. ನೆಟ್ಟಗೆ ಕಾಣ್ತು. ಮುಂದಿನ ಮ್ಯಾಟಲ್ಲೂ ಅದೇ. ಅದರ ಮುಂದಿನದ್ರಲ್ಲೂ ಅದೇ. ಉಜ್ಜಿ ಉಜ್ಜಿ ಬಾಯಿಪಾಠ ಆಗೋಯ್ತು.”

ಸೊಂಟದ ಮೇಲೆ ಕೈಯಿಟ್ಟು, ಶಾಲೆಯ ಹುಡುಗಿಯ ಹಾಗೆ ಒಪ್ಪಿಸಿದಳು. ಆರೂ ಸಾಲು. ಎಲ್ಲೂ ತಪ್ಪಲಿಲ್ಲ.

“ಆದ್ರೆ ಹೆಬ್ಬೆರಳು ಒಂದೇ ಬರ್ದಿದ್ದೀಯಲ್ಲ, ನನ್ನ ಮಣಿಕಟ್ಟು ಏನು ಪಾಪ ಮಾಡಿತ್ತು?” ಸೆರಗು ಸರಿಸಿ ಕೈ ಚಾಚಿದಳು. ಊದಿತ್ತು. ಪಕ್ಕದ ಮನೆಯಾಕೆ ತನ್ನ ಕುತ್ತಿಗೆಯನ್ನು ಒಂದು ಕಡೆಗೆ ತಿರುಗಿಸಲು ನೋಡಿದಳು. ಅರ್ಧಕ್ಕೆ ನಿಂತಿತು. “ಇಷ್ಟೇ ಬರೋದು” ಎಂದಳು.

ಅಕ್ಕ ತನ್ನ ಬೆರಳನ್ನು ಎಲ್ಲರೆದುರು ನೆಟ್ಟಗೆ ಮಾಡಿದಳು. ಟಕ್.

ಅಜ್ಜಿಯ ಕಣ್ಣು ಮೇಜಿನ ಮೇಲಿನ ಹಾಳೆಗೆ ಬಿತ್ತು. ಕನ್ನಡಕ ಸರಿಮಾಡಿಕೊಂಡು ಓದಿದಳು, ಕೊನೆಯವರೆಗೂ. ಹರಿಯಲಿಲ್ಲ. ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಅಕ್ಕನ ಸಿಕ್ಕಾದ ದಾರವನ್ನು ಸುತ್ತತೊಡಗಿದಳು. “ಹಾಳೆ ದಪ್ಪಗಿದೆ. ಇದಕ್ಕಾದ್ರೆ ಬರುತ್ತೆ.”

ಸೋಮವಾರ ಏನಾಗುತ್ತದೋ ಗೊತ್ತಿಲ್ಲ. ದಾರ ಹೋಗಬಹುದು. ಅಜ್ಜಿಯ ಒಲೆ, ನಮ್ಮ ಒಲೆ… ಹೇಳಿದೆ ಅವಳಿಗೆ. “ಗೊತ್ತು ಬಿಡೇ. ಅದಕ್ಕೇ ವ್ಯಾನು ಬರೋಕ್ಕೆ ಮುಂಚೆ ಎಲ್ಲಾರೂ ಸೇರ್ಬೇಕು. ನಿನ್ನ ಹಾಗೆ ಬೆಳಿಗ್ಗೆ ಹನ್ನೊಂದಕ್ಕೆ ಕರೆದ್ರೆ ಯಾರು ಬರ್ತಾರೆ, ನಲ್ಲೀಲಿ ನೀರು ಬರೋ ಹೊತ್ತು! ಟ್ಯಾಂಕ್ ಹತ್ರ ಬೇಡ. ನಿಂತ್ರೆ ಮಂಡಿ ನೋವು. ನಿಮ್ಮನೆ ಮೇಜಿದೆಯಲ್ಲ?”

ಅಕ್ಕ ಎಡಗೈಯಿಂದ ಉಂಡೆಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕುತ್ತಿದ್ದಾಳೆ. ಅಪ್ಪ ಅಕ್ಕಪಕ್ಕದ ಮನೆಗಳಿಂದ ಕುರ್ಚಿ ಕೇಳಲು ಹೋಗಿದ್ದಾನೆ. ಬೋಗುಣಿ ತೆಗೆದ ಜಾಗದಲ್ಲಿ ಮರದ ಬಣ್ಣ ಕಾಣುತ್ತಿದೆ, ಮರೆತೇಹೋಗಿತ್ತು.

ಎಷ್ಟು ಜನ ಬರುತ್ತಾರೋ.

ನಾಳೆ ಭಾನುವಾರ, ಸಂಜೆ ನಾಲ್ಕು ಗಂಟೆ, ನಮ್ಮ ಮೇಜಿನ ಸುತ್ತ —